ತಾತನ ರೈಫಲ್‌ನಲ್ಲಿ ಸಿಕ್ಕಿಕೊಂಡ ತೋಟಾ

ಯಲಹಂಕದ ಕಡೆಯ ಸಿಂಗಾಪುರದ ನಮ್ಮ ಮನೆಯ ಹಿಂದೆ ಆಗಿನ್ನೂ ಒಂದು ತುಂಡು ರಾಗಿ ಹೊಲ ಉಳಿದಿತ್ತು. ಅದರ ಮೂರು ಕಡೆ ಸೈಟುಗಳ ಕಲ್ಲು ನೆಟ್ಟಿದ್ದರು. ಹೊಲಕ್ಕೆ ಹಂದಿ ನುಗ್ಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಬೆಳೆ ಕಾಯಲೆಂದು ತಾತ ಹಿಂದೆಂದೋ ಪಡೆದಿದ್ದ ಲೈಸೆನ್ಸು ಮಾತ್ರ ತಪ್ಪದೆ ರಿನ್ಯೂ ಆಗುತ್ತಿತ್ತು, ರೈಫಲ್ ಬೀರುವಿನಲ್ಲಿ ನಿಂತಿರುತ್ತಿತ್ತು. ನಾನಾಗ ಐದನೇ ಕ್ಲಾಸು. ಡೈರಿ ಬರೆಯಲು ಶುರುಮಾಡಿದ್ದ ವರ್ಷ. ಹಾಗಾಗಿ ಇದು ನಡೆದದ್ದು ಯುಗಾದಿ ಕಳೆದ ಮೊದಲ ಭಾನುವಾರ ಎಂದು ಖಚಿತವಾಗಿ ಹೇಳಬಲ್ಲೆ.

ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಒಪ್ಪಿಸುವ ಮುಂಚೆ ತಾತ ಹಿತ್ತಿಲ ಜಗಲಿಯ ಮೇಲೆ ಕೂತು ಅದಕ್ಕೆ ಎಣ್ಣೆ ಒರೆಸಿ, ಒಂದು ತೋಟಾ ಹಾಕಿ ತೆಗೆದು ನೋಡುತ್ತಿದ್ದ. ಅಪ್ಪ ಪ್ರತಿ ಸಲವೂ ಬೇಡ ಎನ್ನುತ್ತಿದ್ದ.

"ನನ್ ಕೋವಿ ನಂಗೊತ್ತಿಲ್ವೇನ್ಲಾ? ಓಗ್, ನಿನ್ ಸ್ಕೂಟ್ರು ಒರೆಸ್ಕೊ ಓಗು."

ಆ ದಿನ ತೋಟಾ ಒಳಗೆ ಹೋಯಿತು, ಮುಕ್ಕಾಲು ಭಾಗದಲ್ಲಿ ನಿಂತುಬಿಟ್ಟಿತು. ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ನಾನು ಎದುರಿನ ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದೆ. ತಾತ ನಿಧಾನವಾಗಿ ನಳಿಗೆಯನ್ನು ನನ್ನ ಕಡೆಯಿಂದ ಖಾಲಿ ಹೊಲದ ಕಡೆಗೆ ತಿರುಗಿಸಿದ.

"ಎಲ್ರೂ ಒರಗಡೆ ಓಗ್ರಿ," ಎಂದ. ಅಷ್ಟು ಸಣ್ಣ ದನಿ ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಯಶವಂತಪುರದ ಕೋವಿ ರಿಪೇರಿಯ ಬಾಬು ಮೇಸ್ತ್ರಿಗೆ ಫೋನ್ ಮಾಡಿದ. ಅವರು ಬರುವವರೆಗೂ ನಾವೆಲ್ಲ ಪಕ್ಕದ ಮನೆಯ ಕಾಂಪೌಂಡಿನ ಹಿಂದೆ ಕೂತೆವು. ತಾತ ಮಾತ್ರ ಎದ್ದು ಬರಲಿಲ್ಲ. ಗೊತ್ತಿಲ್ಲದೆ ಯಾರಾದರೂ ನಳಿಗೆಯ ಮುಂದೆ ಹಾದುಬಿಟ್ಟರೆ ಎಂದು ಅದನ್ನು ಹಿಡಿದುಕೊಂಡೇ ಕೂತಿದ್ದ. ಒಳಗೆ ಒಲೆಯ ಮೇಲೆ ಒಬ್ಬಟ್ಟಿನ ಸಾರು ಸೀಯುತ್ತಿತ್ತು. ಆ ವಾಸನೆ ಬೀದಿಗೆಲ್ಲ ಬಂದರೂ ಆರಿಸಲು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಸ್ತ್ರಿ ಬಂದವರೇ ತಾತನನ್ನೂ ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ತೋಟಾ ಅವರ ಅಂಗೈಯಲ್ಲಿತ್ತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೇಸ್ತ್ರಿ ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ, ತೋಟಾ ಕೂರುವ ಜಾಗದೊಳಗೆ, ಚೇಂಬರ್ ಎನ್ನುತ್ತಾರಲ್ಲ ಅಲ್ಲಿ, ಆಡಿಸಿ ತೆಗೆದರು. ಬಟ್ಟೆ ಕೆಂಪಾಗಿತ್ತು.

"ತುಕ್ಕಾ?" ಎಂದ ಅಪ್ಪ.

ಮೇಸ್ತ್ರಿ ಮೂಸಿ ನೋಡಿದರು. "ತುಕ್ಕೂ ಇದೆ, ಕುಂಕುಮಾನೂ ಇದೆ ಕಣ್ರೀ. ಯಾರು ಹಾಕಿದ್ದು ಇದ್ರೊಳಗೆ?"

"ನಾನೇಯಾ," ಎಂದಳು ಅಜ್ಜಿ. "ಆಯುಧಪೂಜೆ ದಿನ ಕುಂಕುಮ ಇಟ್ಟು ಒಂದು ಉದ್ಧರಣೆ ತೀರ್ಥ ಬಿಟ್ಟೆ. ಯಾವಾಗ್ಲೂ ಒರಗಡೆಗೇ ಪೂಜೆ ಮಾಡ್ತೀವಿ, ಒಳಗಡೆ ಶಕ್ತಿಗೆ ಬ್ಯಾಡ್ವಾ?"

"ದೇವ್ರಿಗೆ ಪ್ರೀತಿ ಅಜ್ಜಿ, ಕಬ್ಬಿಣಕ್ಕಲ್ಲ," ಎಂದರು ಮೇಸ್ತ್ರಿ. ದಸರೆಯಿಂದ ಯುಗಾದಿಯವರೆಗೆ ಆ ತೇವ ಒಳಗಿನ ಉಕ್ಕನ್ನು ತಿಂದು ಸಣ್ಣ ಸಣ್ಣ ಗುಳಿ ಮಾಡಿತ್ತು.

"ಲೈಸೆನ್ಸ್ ಸಮೇತ ಸ್ಟೇಷನ್ನಿಗೇ ಕೊಟ್ಬಿಡೋಣಪ್ಪಾ," ಎಂದ ಅಪ್ಪ.

"ನಾನಿರೋಗಂಟ ಆಗಾಕಿಲ್ಲ. ಸರಿ ಮಾಡ್ಕೊಡು ಮೇಸ್ತ್ರಿ."

"ಪಾಲಿಶ್ ಮಾಡ್ತೀನಿ ಯಜಮಾನ್ರೇ. ಗುಳಿ ಆಳ ಇದ್ರೆ ಹೋಗಲ್ಲ. ಹೊಡೆದೇ ನೋಡ್ಬೇಕು."

"ನಾನೇ ಒಡೀತೀನಿ," ಎಂದ ತಾತ.

ಮೇಸ್ತ್ರಿ ಕೋವಿ ತೆಗೆದುಕೊಂಡು ಹೊರಡುವಾಗ ನಾನು ಗೇಟಿನವರೆಗೂ ಹೋಗಿ, "ಅಂಕಲ್, ಅದು ಒಡೆದುಹೋದ್ರೆ?" ಎಂದು ಕೇಳಿದೆ.

"ಒಡೆದ್ರೆ ಹೊಡೆಯೋರ ಮುಖಕ್ಕೇ ಬರತ್ತೆ ಪುಟ್ಟಿ," ಎಂದು ಗಾಡಿ ಸ್ಟಾರ್ಟ್ ಮಾಡಿದರು.

ಆ ವಾರ ನನಗೆ ಅನ್ನ ಸೇರಲಿಲ್ಲ. ತಾತ ಕೋವಿಗೆ ಒತ್ತುವುದು ಬಲಗೆನ್ನೆಯನ್ನು. ಬಿಳಿ ಗಡ್ಡ ಮೊಳೆತ ಆ ಕೆನ್ನೆಯನ್ನು ನೋಡುವುದೇ ನನ್ನ ಕೆಲಸವಾಯಿತು. ಅವನು ಮುದ್ದೆ ಮುರಿಯುವಾಗ, ಕಾಫಿ ಊದುವಾಗ, ಮಧ್ಯಾಹ್ನ ಮಲಗಿದ್ದಾಗಲೂ ನೋಡುತ್ತಿದ್ದೆ.

ಪರೀಕ್ಷೆಯ ಜಾಗ ಯಲಹಂಕ ದಾಟಿ, ಒಂದು ಹಳೇ ಕಲ್ಲುಕ್ವಾರಿಯಲ್ಲಿತ್ತು. ಅತ್ತು ಹಟ ಹಿಡಿದದ್ದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ತಾತ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದ. ಮೇಸ್ತ್ರಿ ರೈಫಲನ್ನು ಮರದ ಚೌಕಟ್ಟಿಗೆ ಬಿಗಿದು, ಅದರ ಕುದುರೆಗೆ, ಎಂದರೆ ಟ್ರಿಗರಿಗೆ, ಉದ್ದದ ಹಗ್ಗ ಕಟ್ಟಿದ್ದರು.

"ಎಮ್ಮೆ ಕಟ್ಟಾಕ್ದಂಗೆ ಕಟ್ಟಿದ್ಯಲ್ಲಯ್ಯ! ಬಿಚ್ಚು, ನಾನ್ ಇಡ್ಕತೀನಿ."

"ನನ್ನ ಜಾಗ, ನನ್ನ ರೂಲ್ಸು. ಗೋಡೆ ಹಿಂದೆ ಬನ್ನಿ."

ತಾತ ಕದಲಲಿಲ್ಲ. ಅಪ್ಪ ಕೈಮುಗಿದ, ಆಗಲೂ ಇಲ್ಲ. ನಾನು ತಾತನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನು ಬಗ್ಗಿ ನನ್ನನ್ನು ನೋಡಿದ. "ಬಿಡು, ಉಟ್ಟಿರೋ ಪಂಚೆ ಬಿಚ್ಚೋಗತ್ತೆ," ಎಂದು ಗೊಣಗುತ್ತ ಗೋಡೆಯ ಹಿಂದೆ ಬಂದ.

ಹಗ್ಗ ಎಳೆದರು. ಸದ್ದು ಕ್ವಾರಿಯ ಬಂಡೆಗಳಿಗೆ ಬಡಿದು ಮತ್ತೆ ಮತ್ತೆ ಬಂತು. ರೈಫಲ್ ಒಡೆದಿರಲಿಲ್ಲ. "ನೋಡ್ದ್ರಾ!" ಎಂದು ತಾತ ಎದೆಯುಬ್ಬಿಸಿದ. ಆದರೆ ಬೋಲ್ಟ್ ಬರಲಿಲ್ಲ, ಮೇಸ್ತ್ರಿ ಮರದ ಸುತ್ತಿಗೆಯಿಂದ ತಟ್ಟಬೇಕಾಯಿತು. ಹೊರಬಂದ ಖಾಲಿ ತೋಟಾವನ್ನು ಅವರು ತಾತನ ಕೈಗೇ ಕೊಟ್ಟರು. ಹಿತ್ತಾಳೆಯ ಮೈ ತುಂಬ ಸಿಡುಬಿನ ಗುಳ್ಳೆಯಂಥ ಗುರುತುಗಳು. ಪಕ್ಕದಲ್ಲಿ ಉದ್ದಕ್ಕೆ ಸೀಳಿತ್ತು.

"ಪಾಲಿಶ್‌ಗೆ ಹೋಗೋ ಗುಳಿ ಅಲ್ಲ. ಈ ಸೀಳಿಂದ ಬೆಂಕಿ ಹಿಂದಕ್ಕೆ ಬರತ್ತೆ ಯಜಮಾನ್ರೇ. ಇವತ್ತು ಅಲ್ಲಿ ಯಾರ ಮುಖಾನೂ ಇರ್ಲಿಲ್ಲ, ಅಷ್ಟೇ."

ತಾತ ಸೀಳಿನ ಮೇಲೆ ಉಗುರು ಆಡಿಸಿದ. ಅವನ ಇನ್ನೊಂದು ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. "ಕೊಟ್ಬುಡ್ಲಾ," ಎಂದ ಅಪ್ಪನಿಗೆ.

ರೈಫಲ್ ಎಲೆಕ್ಷನ್ನಿಗೆಂದು ಸ್ಟೇಷನ್ನಿಗೆ ಹೋದದ್ದು ಮತ್ತೆ ಮನೆಗೆ ಬರಲಿಲ್ಲ. ರಾಗಿ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ತಾತನೂ ಇಲ್ಲ. ಇವುಗಳನ್ನೆಲ್ಲ ಕಳೆದುಕೊಂಡದ್ದರ ಲೆಕ್ಕಕ್ಕೆ ಬರೆದುಕೊಳ್ಳಬಹುದು, ಬರೆದುಕೊಂಡಿದ್ದೇನೆ. ಬರೆಯಲು ಕಷ್ಟವಾದದ್ದು ಒಂದಿದೆ. ರಸ್ತೆ ದಾಟುವಾಗ ತಾತ ನನ್ನ ಮಣಿಕಟ್ಟನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದು ದರದರ ಎಳೆದೊಯ್ಯುತ್ತಿದ್ದ, ಲಾರಿಗಳಿಗೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದ. ಆ ದಿನ ಕ್ವಾರಿಯಿಂದ ಬಂದು ಬಸ್ಸು ಹಿಡಿಯಲು ಮೇನ್ ರೋಡ್ ದಾಟಬೇಕಾದಾಗ ಅವನು ಅಂಚಿನಲ್ಲೇ ನಿಂತುಬಿಟ್ಟ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ನಾನು ಹಿಡಿದುಕೊಳ್ಳಲಿ ಎಂದು ತನ್ನ ಕೈಯನ್ನು ನನ್ನತ್ತ ಚಾಚಿದ.

ಅವನು ಇದ್ದಷ್ಟು ವರ್ಷವೂ ಆಮೇಲೆ ನಾನೇ ದಾಟಿಸಿದೆ.