ಸೂಜಿ ಚುಚ್ಚಿದ ವಾರ, ತಾಳ್ಯದ ಅಜ್ಜ

ಕಳೆದ ವಾರ ಹೊಸದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರ ಕಂಬಳಿಯಿಂದ ಕುರಿಯುಣ್ಣೆಯ ವಾಸನೆ ಬಂತು. ಕಿಟಕಿ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ತಾಳ್ಯದ ಆ ಅಜ್ಜ ನೆನಪಾದ...

ಆಗ ನಾನು ಹೊಳಲ್ಕೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸ್. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಮದುವೆ ಗೊತ್ತಾಗಿತ್ತು. ಕುರಿ ಕಾಯುವ ಅಜ್ಜನೊಬ್ಬ ಕಾಲಿಗೆ ಗಾಯವಾಗಿ, ಜ್ವರ ಬಂದು ತೋರಿಸಲು ಬಂದಿದ್ದ. ಅವನಿಗೆ ಇಂಜೆಕ್ಷನ್ ಕೊಟ್ಟು ಸೂಜಿಗೆ ಮುಚ್ಚಳ ಹಾಕುವಾಗ ಅದು ನನ್ನ ಎಡಗೈ ಬೆರಳಿಗೆ ಚುಚ್ಚಿತು. ಆಗ ನಾವೆಲ್ಲ ಹಾಗೆಯೇ ಮುಚ್ಚಳ ಹಾಕುತ್ತಿದ್ದೆವು. ಒಂದೇ ಹನಿ ರಕ್ತ. ನಲ್ಲಿಯ ಕೆಳಗೆ ತೊಳೆದುಕೊಂಡು ಸುಮ್ಮನಾದೆ.

ಸುಮ್ಮನಿರಲು ಆಗಲಿಲ್ಲ. ಏಡ್ಸ್ ಎಂಬ ಹೆಸರಿಗೇ ಜನ ಬೆಚ್ಚಿಬೀಳುತ್ತಿದ್ದ ಕಾಲ ಅದು. ಮಾರನೆಯ ದಿನ ಡಾಕ್ಟರಮ್ಮನಿಗೆ ಹೇಳಿದೆ. ನೋಡಿಕೊಂಡು ಮಾಡಲು ಆಗುವುದಿಲ್ಲವಾ ಎಂದು ಬೈದರು. ಆಮೇಲೆ ಅವರೇ, ಆ ಅಜ್ಜನ ರಕ್ತ ಪರೀಕ್ಷೆ ಮಾಡಿಸಿದರೆ ಅರ್ಧ ಭಯ ಹೋಗುತ್ತದೆ, ಒಪ್ಪಿದರೆ ಕರೆದುಕೊಂಡು ಬಾ ಎಂದರು.

ತಾಳ್ಯದಲ್ಲಿ ಬಸ್ಸಿಳಿದು, ಅವರಿವರನ್ನು ಕೇಳಿಕೊಂಡು ಹೊಲಗಳ ನಡುವೆ ನಡೆದೆ. ಅಜ್ಜ ಕುರಿ ರೊಪ್ಪದ ಮುಳ್ಳುಬೇಲಿ ಸರಿಮಾಡುತ್ತಿದ್ದ, ಜೊತೆಗೆ ಮಗನಿದ್ದ. ಬೆರಳಿಗೆ ಸೂಜಿ ಚುಚ್ಚಿದ್ದನ್ನೂ ರಕ್ತ ಪರೀಕ್ಷೆಯ ವಿಷಯವನ್ನೂ ಹೇಳಿದೆ. ಮಗನಿಗೆ ಸಿಟ್ಟು ಬಂತು.

“ನಮ್ಮಪ್ಪಗೆ ಅಂಥಾ ರೋಗ ಐತೆ ಅಂತ ಊರಾಗೆಲ್ಲ ಸುದ್ದಿ ಆಗ್ಬೇಕಾ? ಹೋಗ್ರಿ ಸಿಸ್ಟರ್.”

ಅಜ್ಜ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬೆರಳು ಹಿಡಿದು ನೋಡಿದ.

“ನೋವಾತೇನವ್ವ?”

ಡಾಕ್ಟರಮ್ಮನಾಗಲಿ, ಜೊತೆಯ ಸಿಸ್ಟರುಗಳಾಗಲಿ ಅದನ್ನು ಕೇಳಿರಲಿಲ್ಲ. ಅಲ್ಲಿಯೇ ಅತ್ತುಬಿಟ್ಟೆ.

“ಲೇ, ಇವತ್ತು ಕುರಿ ನೀನು ಹೊಡ್ಕಂಡು ಹೋಗು,” ಎಂದು ಮಗನಿಗೆ ಹೇಳಿ ಅಜ್ಜ ಕೈಕಾಲು ತೊಳೆದುಕೊಂಡ. “ನಡಿಯವ್ವ, ಹೋಗಾಣ.”

ಸೂಜಿ ಚುಚ್ಚಿದ ಮೇಲೆ ನಾನು ಸಿರಿಂಜ್ ಮುಟ್ಟಿರಲಿಲ್ಲ, ಬಸ್ಸಿನಲ್ಲಿ ಅಜ್ಜನಿಗೂ ಅದನ್ನು ಹೇಳಿದ್ದೆ. ನರ್ಸಿಂಗ್ ಹೋಮಿನಲ್ಲಿ ರಕ್ತ ತೆಗೆಯಲು ಇನ್ನೊಬ್ಬ ಸಿಸ್ಟರ್ ಬಂದಾಗ ಅಜ್ಜ ತೋಳು ಹಿಂದಕ್ಕೆಳೆದುಕೊಂಡ.

“ಈ ಹುಡ್ಗಿನೇ ತಗಳ್ಳಿ. ನನಗೇನು ಅವಸರ ಇಲ್ಲ.”

ಎಷ್ಟು ಹೊತ್ತು ಹಾಗೆ ಕೈ ಚಾಚಿಕೊಂಡು ಕುಳಿತಿದ್ದನೋ... ಕೊನೆಗೆ ನಾನೇ ಸಿರಿಂಜ್ ತೆಗೆದುಕೊಂಡು ಚುಚ್ಚಿದೆ. ಒಂದೇ ಸಲಕ್ಕೆ ನರ ಸಿಕ್ಕಿತು. ಈ ಸಲ ಮುಚ್ಚಳದ ಗೊಡವೆಗೆ ಹೋಗದೆ ಸೂಜಿಯನ್ನು ನೇರವಾಗಿ ಡಬ್ಬಕ್ಕೆ ಹಾಕಿದೆ.

ರಕ್ತ ಜಿಲ್ಲಾ ಕೇಂದ್ರವಾದ ದುರ್ಗದ ಲ್ಯಾಬಿಗೆ ಹೋಯಿತು. ಮೂರನೆಯ ದಿನ ರಿಪೋರ್ಟ್ ಬಂತು, ಅವನಿಗೆ ಏನೂ ಇರಲಿಲ್ಲ. ಆದರೂ ನನ್ನ ರಕ್ತವನ್ನು ಕೆಲವು ತಿಂಗಳು ನೋಡುತ್ತಿರಬೇಕೆಂದರು. ಗಾಯದ ಬ್ಯಾಂಡೇಜ್ ಬಿಚ್ಚಿಸಲು ಬಂದಾಗ ಅಜ್ಜನಿಗೆ ರಿಪೋರ್ಟಿನ ವಿಷಯ ಹೇಳಿದೆ.

“ನಂದಿರ್ಲಿ, ನಿಂದೇನಾತು?”

“ಇನ್ನೂ ಗೊತ್ತಿಲ್ಲ ಅಜ್ಜ. ಗೊತ್ತಾದ ಕೂಡ್ಲೆ ಬಂದು ಹೇಳ್ತೀನಿ.”

ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂತು. ಅದೇ ತಿಂಗಳು ಮದುವೆಯಾಗಿ ಹಿರಿಯೂರಿಗೆ ಬಂದೆ. ಹೊಸ ಮನೆ, ಹೊಸ ಕೆಲಸ, ಬಸುರು, ಬಾಣಂತನ... ತಾಳ್ಯಕ್ಕೆ ಹೋಗುವುದು ಇವತ್ತು ನಾಳೆ ಎನ್ನುತ್ತಲೇ ಉಳಿಯಿತು.

ಎಷ್ಟೋ ವರ್ಷಗಳ ನಂತರ ಅಜ್ಜನ ಮಗ ಹೆಂಡತಿಯನ್ನು ತೋರಿಸಲು ನಾನಿದ್ದ ಆಸ್ಪತ್ರೆಗೆ ಬಂದ. ಅವನೇ ನನ್ನ ಗುರುತು ಹಿಡಿದ.

“ಅಪ್ಪ ಹೋಗಿ ಎಲ್ಡು ವರ್ಸ ಆತ್ರಿ,” ಎಂದ. “ಊರಾಗೆ ಮಕ್ಳಿಗೆ ಸೂಜಿ ಹಾಕಾಕೆ ಬರೋ ಸಿಸ್ಟರ್‌ನ ಬಂದಾಗೆಲ್ಲ ಕೇಳ್ತಿದ್ದ. ಹೊಳಲ್ಕೆರೇಲಿದ್ದ ಆ ಹುಡ್ಗಿ ಹೆಂಗೈದಾಳೆ ಅಂತ. ಅವ್ರಿಗೇನ್ ಗೊತ್ತು ಪಾಪ.”

ಅವನ ಹೆಂಡತಿಯ ಚೀಟಿ ಇಸಿದುಕೊಂಡು ಒಳಗೆ ಹೋದೆ.

ಈಗ ನನಗೆ ಐವತ್ತು ದಾಟಿದೆ. ಇಬ್ಬರು ಮಕ್ಕಳು ಕೈಗೆ ಬಂದಿದ್ದಾರೆ, ಕೆಲಸ ಇನ್ನೂ ನಡೆಯುತ್ತಿದೆ. ಚೆನ್ನಾಗಿದ್ದೇನೆ ಅಜ್ಜ, ಅನ್ನಲು ಅವನಿಲ್ಲ.