ಗಂಗಕ್ಕನ ಗುರುತು

ಸಮರ್ಥ, ಪ್ರೇರಣಾ, ನಿಮ್ಮ ಗಂಗಾ ಆಯಿ ಗುಡಿಗೆ ಹೋದಾಗ ಎರಡೂ ಚಪ್ಪಲಿಗಳನ್ನು ಒಂದೇ ಕಡೆ ಬಿಟ್ಟವರಲ್ಲ. ಒಂದನ್ನು ಬಲಗಡೆಯ ಕಟ್ಟೆಯ ಬುಡದಲ್ಲಿ ಬಿಟ್ಟರೆ ಇನ್ನೊಂದನ್ನು ಎಡಗಡೆ ಬೇವಿನ ಗಿಡದ ಹಿಂದೆ ಬಿಡುತ್ತಿದ್ದರು. ಕಳ್ಳನಿಗೆ ಒಂದು ಸಿಕ್ಕರೂ ಜೋಡಿ ಸಿಗಬಾರದು ಎಂಬುದು ಅವರ ಲೆಕ್ಕ. ದೇವರ ಮುಂದೆ ಕೈಮುಗಿದು ನಿಂತಾಗಲೂ ಅವರ ಕುತ್ತಿಗೆ ಮಾತ್ರ ಒಮ್ಮೆ ಕಟ್ಟೆಯ ಕಡೆ, ಒಮ್ಮೆ ಗಿಡದ ಕಡೆ ತಿರುಗುತ್ತಿತ್ತು. ನೀವಿಬ್ಬರೂ ಅದನ್ನು ಅಣಕಿಸಿ ನಗುತ್ತಿದ್ದಿರಿ. ಅವರು ಹಾಗೇಕೆ ಇದ್ದರು ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಹಳ್ಳಿಯ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಅದಕ್ಕೆ ಬರೆಯುತ್ತಿದ್ದೇನೆ.

ಗಂಗಕ್ಕ ನಿಮ್ಮ ಅಜ್ಜನ ಅಕ್ಕ. ನಾನು ಖಾನಾಪುರದ ಮನೆಗೆ ಸೊಸೆಯಾಗಿ ಬರುವ ಮೊದಲೇ ಅವರು ಗಂಡನ ಮನೆ ಬಿಟ್ಟು ತವರಿಗೆ ಬಂದಾಗಿತ್ತು. ಯಾಕೆ ಎಂದು ಯಾರೂ ಹೇಳುತ್ತಿರಲಿಲ್ಲ. ಗುರುತು ಮಾಡದೆ ಒಂದು ಸಾಮಾನೂ ಅವರು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕಲಾಯಿ ಹಾಕುವವನಿಗೆ ಹಂಡೆ, ಪಾತ್ರೆ ಕೊಡುವಾಗ ತಳ ತಿರುಗಿಸಿ ನೋಡಿಯೇ ಕೊಡುತ್ತಿದ್ದರು. ನಮ್ಮ ಮನೆಯ ಎಲ್ಲ ಪಾತ್ರೆಗಳ ತಳದಲ್ಲೂ ಮೊಳೆಯಿಂದ ಹೊಡೆದ ಎರಡು ಚುಕ್ಕಿ, ಅದರ ಕೆಳಗೊಂದು ಗೀರು ಇರುತ್ತಿತ್ತು. ನೋಡಿದರೆ ಸಿಟ್ಟಿಗೆದ್ದು ಕೂತವರ ಮುಖದಂತೆ ಕಾಣುತ್ತಿತ್ತು. ಗಿರಣಿಗೆ ಜೋಳ ಒಯ್ದರೆ ಹಿಟ್ಟು ಬೀಳುವ ಬಾಯಿಗೆ ಕಣ್ಣು ನೆಟ್ಟು ನಿಲ್ಲುತ್ತಿದ್ದರು.

ನನಗೂ ರಿಯಾಯಿತಿ ಇರಲಿಲ್ಲ. ಊರಿಗೆ ಹೋಗುವಾಗ ತಮ್ಮ ಟ್ರಂಕಿನ ಕೀಲಿ ನನ್ನ ಕೈಯಲ್ಲಿ ಕೊಡುತ್ತಿದ್ದರು. ಕೊಡುವ ಮೊದಲು ಟ್ರಂಕಿನ ಕೊಂಡಿಗೆ ಕೆಂಪು ದಾರ ಸುತ್ತಿ, ತಮಗಷ್ಟೇ ಗೊತ್ತಿರುವ ಒಂದು ಗಂಟು ಹಾಕುತ್ತಿದ್ದರು. ತಿರುಗಿ ಬಂದ ಮೇಲೆ ಕಾಲು ತೊಳೆಯುವ ಮೊದಲು ಆ ಗಂಟು ನೋಡುತ್ತಿದ್ದರು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಅದನ್ನೂ ನಾನು ಹೇಳಲಿಲ್ಲ.

ಇನ್ನು ರಿವಾಲ್ವರ್. ನೀವು ಅದನ್ನು ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ದೂರದಿಂದ ಮಾತ್ರ ನೋಡಿದ್ದೀರಿ. ಅದು ನನ್ನ ಮಾವನವರದು. ಲೋಂಡಾದ ಕಡೆ ಕಾಡಿನಲ್ಲಿ ಅವರಿಗೆ ಮರದ ಗುತ್ತಿಗೆ ಇತ್ತು, ಆಳುಗಳ ಪಗಾರ ಒಯ್ಯುವಾಗ ಸೊಂಟದಲ್ಲಿ ಇರಲಿ ಎಂದು ಲೈಸೆನ್ಸ್ ಮಾಡಿಸಿದ್ದರಂತೆ. ಅವರ ನಂತರ ನಿಮ್ಮ ಅಜ್ಜನ ಹೆಸರಿಗೆ ಬಂತು. ಅಜ್ಜ ಅದನ್ನು ಎಂದೂ ಹಾರಿಸಲಿಲ್ಲ, ಮನೆಯಲ್ಲಿ ಗುಂಡು ಸಹ ಇರಲಿಲ್ಲ. ವರ್ಷಕ್ಕೊಮ್ಮೆ ಹೊರಗೆ ತೆಗೆದಾಗ ಗಂಗಕ್ಕ ತಾವೇ ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಅದರ ಮೇಲೆ ಎಳೆದು, ಹೂ ಏರಿಸಿ, ಹಾಗೆಯೇ ಡಬ್ಬಿಯಲ್ಲಿ ಇಡುತ್ತಿದ್ದರು. ಪೂಜೆಯ ವಿಭೂತಿ ಒರೆಸುವುದುಂಟೇ? ಖಾನಾಪುರದ ಮಳೆಗಾಲ ನಿಮಗೆ ಗೊತ್ತು. ವರ್ಷ ವರ್ಷ ತುಕ್ಕು ಏರುತ್ತ ಹೋಯಿತು.

ಅಜ್ಜ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ಮುಂದೆ ಅದನ್ನು ನವೀಕರಿಸಲು ಕಚೇರಿಗೆ ಒಯ್ದಾಗ ಸಾಹೇಬರಿಗೆ ರಿವಾಲ್ವರಿನ ಮೇಲಿನ ನಂಬರು ಓದಲು ಬರಲಿಲ್ಲ. ಅಂಕಿಗಳು ತುಕ್ಕಿನೊಳಗೆ ಮುಳುಗಿದ್ದವು. ತಿಳಿದವರ ಕಡೆ ಸ್ವಚ್ಛ ಮಾಡಿಸಿ ನಂಬರು ಕಾಣುವ ಹಾಗೆ ತನ್ನಿ, ಇಲ್ಲದಿದ್ದರೆ ಸರಕಾರಕ್ಕೆ ಜಮಾ ಮಾಡಬೇಕಾಗುತ್ತದೆ ಎಂದರು. ಬೆಳಗಾವಿಯಲ್ಲಿ ಇಂಥ ಕೆಲಸಕ್ಕೆ ಪರವಾನಗಿ ಇರುವ ಮೇಸ್ತ್ರಿಯೊಬ್ಬರಿದ್ದಾರೆ, ತುಕ್ಕು ತೆಗೆದು ಪಾಲಿಶ್ ಮಾಡಿ ಮತ್ತೆ ಬಣ್ಣ ಏರಿಸುತ್ತಾರೆ ಎಂದು ನಿಮ್ಮ ಅಪ್ಪ ವಿಚಾರಿಸಿಕೊಂಡು ಬಂದ.

ಪಾಲಿಶ್ ಎಂಬ ಮಾತು ಕೇಳಿದ್ದೇ ಗಂಗಕ್ಕನ ಮುಖ ಬಿಗಿಯಿತು.

"ಪಾಲಿಶ್ ಅಂದ್ರ ಬದಲಿ ಮಾಡೂದು, ಪಾರವ್ವ," ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಏನ, ಮಾರೂ ವಿಚಾರ ಏನರ ಐತಿ ನಿಂದು?" ಎಂದು ಕೇಳಿದರು.

ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ತಾವೂ ಬರುವುದಾಗಿ ಹೇಳಿ ಸೀರೆ ಮಡಚಿಕೊಂಡರು. ಹೊರಡುವ ದಿನ ಬೆಳಿಗ್ಗೆ ಡಬ್ಬಿಯನ್ನು ಪೂಜೆ ಮಾಡಿ ಕೊಡುತ್ತೇನೆಂದು ದೇವರ ಮನೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಟಕ್ ಟಕ್ ಎಂದು ಸದ್ದಾಯಿತು. ತೆಂಗಿನಕಾಯಿ ಒಡೆಯುತ್ತಿದ್ದಾರೆ ಎಂದುಕೊಂಡೆ.

ಮೇಸ್ತ್ರಿಯ ಅಂಗಡಿ ಒಂದು ಸಣ್ಣ ಓಣಿಯಲ್ಲಿತ್ತು. ನಿಮ್ಮ ಅಪ್ಪ ನಮ್ಮನ್ನು ಅಲ್ಲಿ ಇಳಿಸಿ ಮಚ್ಛೆಗೆ ಕೆಲಸಕ್ಕೆ ಹೋದ. ಬಾಗಿಲಿಗೆ ಕಬ್ಬಿಣದ ಜಾಳಿಗೆ, ಅದಕ್ಕೆ ಒಳಗಿನಿಂದ ಕೀಲಿ. ಮೇಸ್ತ್ರಿ ಜಾಳಿಗೆಯ ಸಂದಿನಿಂದಲೇ ಲೈಸೆನ್ಸ್ ಇಸಿದುಕೊಂಡು, ನನಗೆ ತಲೆಯ ಮೇಲಿನ ಸೆರಗು ಸರಿಸಲು ಹೇಳಿ, ಫೋಟೊ ಮತ್ತು ಮುಖ ಹೊಂದಿಸಿ ನೋಡಿದರು. ನಾವು ಒಳಗೆ ಹೋದದ್ದೇ ಮತ್ತೆ ಕೀಲಿ ಹಾಕಿದರು. ಗಂಗಕ್ಕ ನನ್ನ ಕಿವಿಯಲ್ಲಿ, "ಕಳ್ಳನ ಮನಿಗೇ ಇಷ್ಟ ಕೀಲಿ ಇರತಾವು," ಎಂದರು. ಮೇಸ್ತ್ರಿಗೆ ಕೇಳಿಸಿತು. ಕೇಳಿಸದವರಂತೆ ಡಬ್ಬಿ ತೆಗೆದರು.

ಅರಿವೆ ಬಿಚ್ಚಿ ರಿವಾಲ್ವರನ್ನು ದೀಪದ ಕೆಳಗೆ ಹಿಡಿದು ಹೊರಳಿಸುತ್ತಿದ್ದವರು ಒಂದು ಕಡೆ ಕೈ ನಿಲ್ಲಿಸಿದರು. ಕನ್ನಡಕ ಏರಿಸಿಕೊಂಡರು.

"ಇದೇನ್ರಿ? ನಂಬರಿನ ಬಾಜುಕ ಹೊಸಾ ಗೀರು. ಎಲ್ಲಾ ಕಡೆ ತುಕ್ಕ ಐತಿ, ಇದರ ಮ್ಯಾಲ ಇಲ್ಲ. ಇದು ಇವತ್ತ ನಿನ್ನಿ ಮಾಡಿದ್ದು."

ನಾನು ಬಗ್ಗಿ ನೋಡಿದೆ. ಅಂಕಿಗಳ ಪಕ್ಕದಲ್ಲಿ ಎರಡು ಚುಕ್ಕಿ, ಕೆಳಗೊಂದು ಗೀರು. ನಮ್ಮ ಹಂಡೆಯ ತಳದಲ್ಲಿದ್ದ ಅದೇ ಸಿಟ್ಟಿನ ಮುಖ.

ಮೇಸ್ತ್ರಿ ರಿವಾಲ್ವರನ್ನು ನನ್ನ ಕಡೆ ಸರಿಸಿದರು. "ನಂಬರಿಗೆ ಕೈ ಹಚ್ಚಿದ ಮಾಲು ನಾ ಮುಟ್ಟಂಗಿಲ್ಲ. ಲೈಸೆನ್ಸ್ ಯಾರ ಹೆಸರೀಲೆ ಐತಿ, ಅವರ ಉತ್ತರಾ ಕೊಡಬೇಕು. ಯಾರು ಗೀರಿದ್ರಿ?" ಎನ್ನುತ್ತ ಫೋನಿನ ಮೇಲೆ ಕೈ ಇಟ್ಟರು.

ಗಂಗಕ್ಕನ ಕಡೆ ನೋಡಿದೆ. ಯಾವಾಗಲೂ ತಿರುಗುವ ಆ ಕುತ್ತಿಗೆ ನೆಟ್ಟಗೆ ನಿಂತಿತ್ತು. ಕಣ್ಣು ನೆಲದಲ್ಲಿತ್ತು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

"ನಾನ ಗೀರೇನ್ರಿ, ಗುರ್ತಿಗೆ," ಎಂದೆ. ಅಷ್ಟು ಹೇಳುವುದರೊಳಗೆ ನನ್ನ ಮುಖವೆಲ್ಲ ಬೆವೆತಿತ್ತು.

ಗಂಗಕ್ಕ ತಲೆಯೆತ್ತಿದರು. "ಅಕಿ ಸುಳ್ಳ ಹೇಳಾಕತ್ತಾಳ. ಅಕಿಗೆ ಗ್ವಾಡಿಗೆ ಮೊಳಿ ಹೊಡ್ಯಾಕನೂ ಬರೂದಿಲ್ಲ. ಗೀರಿದಾಕಿ ನಾನು. ನೀ ಬದಲಿ ಮಾಡಬಾರದಂತ ಗೀರೇನಿ."

"ನಾ ಬದಲಿ ಮಾಡಾಂವನು?"

"ಪಾಲಿಶ್ ಮಾಡತೀನಂದಾಂವ ಹಿಂದಕ ಒಬ್ಬಾಂವ ಮಾಡ್ಯಾನ."

ಆಮೇಲೆ ಅವರು ಹೇಳಿದ್ದನ್ನು ನಾನೂ ಅಂದೇ ಮೊದಲ ಸಲ ಕೇಳಿದ್ದು. ಮದುವೆಯ ಮುಂಚೆ ಅವರ ಅಪ್ಪ ಮನೆಯ ಹಳೆಯ ಬಂಗಾರದ ಬೋರಮಾಳ ಸರವನ್ನು ಪಾಲಿಶಿಗೆ ಕೊಟ್ಟಿದ್ದರಂತೆ. ಅದು ಮಿರಿಮಿರಿ ಮಿಂಚುತ್ತ ಬಂತು, ಅದನ್ನೇ ಕೊರಳಿಗೆ ಹಾಕಿ ಕಳಿಸಿದರು. ಗಂಡನ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮಣಿಗಳ ಹಳದಿ ಸುಲಿದು ಒಳಗಿನ ತಾಮ್ರ ಕಂಡಿತು. ಬಂಗಾರದ್ದನ್ನು ಕದ್ದು ತವರಿಗೆ ಸಾಗಿಸಿ ಸುಳ್ಳು ಸರ ಹಾಕಿಕೊಂಡಿದ್ದಾಳೆ ಎಂದು ಅತ್ತೆ ಊರೆಲ್ಲ ಹೇಳಿದರು. ಗಂಡ ಬಾಯಿ ಬಿಡಲಿಲ್ಲ. ಸೊಸೆಗೆ ದನದ ಕೊಟ್ಟಿಗೆಯಲ್ಲಿ ಊಟ, ಅಲ್ಲಿಯೇ ನಿದ್ದೆ. ಸುದ್ದಿ ತಿಳಿದ ಅಪ್ಪ ಲೋಂಡಾದ ಗಾಡಿ ಹತ್ತಿ ಹೋದರು. ಸೊಂಟದಲ್ಲಿ ಈ ರಿವಾಲ್ವರ್. ಅದನ್ನು ಕೈಯಿಂದ ಮುಟ್ಟಲೂ ಇಲ್ಲವಂತೆ. ಕೊಟ್ಟ ನೀರು ಕುಡಿಯಲಿಲ್ಲ. ನನ್ನ ಮಗಳು ಕಳ್ಳಿಯಲ್ಲ ಎಂದು ಪಡಸಾಲೆಯಲ್ಲಿ ನಿಂತು ಹೇಳಿ, ಮಗಳ ಕೈ ಹಿಡಿದು ಹೊರಗೆ ಬಂದರು.

"ಅವತ್ತ ನನ್ನ ಮಾತ ನಂಬಿದಾಂವ ನಮ್ಮಪ್ಪ ಒಬ್ಬಾಂವ," ಎಂದರು ಗಂಗಕ್ಕ. "ಇದು ಅವನ ಸೊಂಟದಾಗ ಇತ್ತು. ಇದೂ ಬದಲಿ ಆದ್ರ ನನಗ ಉಳಿಯೂದೇನು?"

ಮೇಸ್ತ್ರಿ ಫೋನಿನಿಂದ ಕೈ ತೆಗೆದರು. ಅರಳೆಗೆ ಎಣ್ಣೆ ಹಚ್ಚಿ ನಂಬರಿನ ಜಾಗವನ್ನು ಬಹಳ ಹೊತ್ತು ತಿಕ್ಕಿದರು. ಒಂದೊಂದೇ ಅಂಕಿ ಮೇಲೆದ್ದು ಬಂತು. ಲೈಸೆನ್ಸಿನಲ್ಲಿದ್ದುದನ್ನು ನನಗೆ ಓದಲು ಹೇಳಿ, ತಾವು ಮಸೂರದಲ್ಲಿ ನೋಡಿ ಹೊಂದಿಸಿದರು. ಎಲ್ಲ ಸರಿ ಇತ್ತು. ಆದರೂ ಅವರ ಹುಬ್ಬಿನ ಗಂಟು ಸಡಿಲವಾಗಲಿಲ್ಲ.

"ನೋಡ್ರಿ ಮಾವಶಿ, ನಿಮ್ಮನ್ನ ನಾ ನಂಬಂಗಿಲ್ಲ. ನೀವೂ ನನ್ನ ನಂಬಬ್ಯಾಡ್ರಿ. ಕೆಲಸಾ ಮುಗಿಯೂತನಾ ಇಬ್ಬರೂ ಬಂದ ಕುಂದರ್ರಿ. ಇನ್ನೊಂದ ಮಾತು. ಈ ಗೀರು ತಗ್ಯಾಕ ಹ್ವಾದ್ರ ನಂಬರೂ ಸವೀತೈತಿ. ಅದು ಹಂಗ ಉಳಿತೈತಿ."

"ಉಳೀಲಿ. ಅದಕ್ಕ ಹಾಕೇನಿ," ಎಂದರು ಗಂಗಕ್ಕ.

ನಾವು ಸದಾಶಿವನಗರದಲ್ಲಿ ನಿಮ್ಮ ಮನೆಯಲ್ಲಿ ಉಳಿದ ದಿನಗಳು ಅವೇ. ದಿನಾ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀರಿ ಎಂದು ಪ್ರೇರಣಾ ಕೇಳಿದರೆ ಗಂಗಾ ಆಯಿ "ಸಾಲಿಗೆ" ಎನ್ನುತ್ತಿದ್ದರು.

ಒಬ್ಬರನ್ನೊಬ್ಬರು ನಂಬದ ಆ ಇಬ್ಬರಿಗೂ ಬಹಳ ಹೊಂದಿಕೆಯಾಯಿತು. ಮೇಸ್ತ್ರಿ ಒಂದು ಸ್ಕ್ರೂ ಬಿಚ್ಚಿದರೆ ಎಲ್ಲಿಯದೆಂದು ಗಟ್ಟಿಯಾಗಿ ಹೇಳಿ ತಾಟಿನಲ್ಲಿ ಇಡುತ್ತಿದ್ದರು, ಗಂಗಕ್ಕ ಅದನ್ನೇ ತಿರುಗಿ ಹೇಳುತ್ತಿದ್ದರು. ಮೇಸ್ತ್ರಿ ಗಂಗಕ್ಕನಿಗೆ ಬೆನ್ನು ತೋರಿಸುತ್ತಿರಲಿಲ್ಲ. ಗಂಗಕ್ಕ ಅವರ ಕೈಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಚಹಾ ತರಿಸಿದರೆ, "ಮೊದಲ ನೀ ಕುಡಿ," ಎಂದು ಗಂಗಕ್ಕ ತಮ್ಮ ಕಪ್ಪನ್ನೇ ಅವರ ಮುಂದೆ ಸರಿಸುತ್ತಿದ್ದರು. ಮೇಸ್ತ್ರಿ ಬಸಿಯಲ್ಲಿ ಸುರುವಿಕೊಂಡು ಒಂದು ಗುಟುಕು ಕುಡಿದು ತೋರಿಸುತ್ತಿದ್ದರು. ಹಾಗೆ ಎಷ್ಟೋ ಚಹಾ ಮುಗಿಯಿತು.

ತುಕ್ಕು ಬಿಡಿಸಿದಾಗ ಗುಂಡು ಹಾಕುವ ಚಕ್ರದ ಮೇಲೆ ಮೂರು ಸಾಲು ಸಣ್ಣ ಕುಳಿಗಳು ಕಂಡವು. ಇಷ್ಟು ನೆಟ್ಟಗೆ ಸಾಲು ಹಿಡಿದು ತಿಂದಿದೆಯಲ್ಲ, ಒದ್ದೆಯದು ಏನು ಹಚ್ಚುತ್ತಿದ್ದಿರಿ ಎಂದು ಮೇಸ್ತ್ರಿ ಕೇಳಿದರು. ಗಂಗಕ್ಕ ತಮ್ಮ ಮೂರು ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಜಾಳಿಗೆಯ ಆಚೆ ಓಣಿಯಲ್ಲಿ ಹೋಗುವವರನ್ನು ನೋಡುತ್ತ ಕೂತೆ.

ಪಾಲಿಶ್ ಮುಗಿದ ದಿನ ಉಕ್ಕು ಬೆಳ್ಳಗೆ, ಹೊಸ ತಂಬಿಗೆಯ ಹಾಗೆ ಹೊಳೆಯಿತು. "ಇದು ನಮ್ಮದಲ್ಲ," ಎಂದು ಗಂಗಕ್ಕ ಸಣ್ಣ ದನಿಯಲ್ಲಿ ಅಂದರು. ಮೇಸ್ತ್ರಿ ಎರಡು ಚುಕ್ಕಿ, ಗೀರಿನ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ಹಿಂದಿನ ಕೋಣೆಯಲ್ಲಿ ಏನೋ ಉಪ್ಪು ಕುದಿಯುವ ತೊಟ್ಟಿಯಲ್ಲಿ ಭಾಗಗಳನ್ನು ಇಳಿಬಿಟ್ಟರು. ಘಾಟಿಗೆ ನಾನು ಹೊರಗೆ ಬಂದೆ. ಗಂಗಕ್ಕ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತರು. ತೊಳೆದು ಎಣ್ಣೆ ಒರೆಸಿ ತಂದಾಗ ಅದು ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು.

ಖಾನಾಪುರದ ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಗಂಗಕ್ಕ ಮುಚ್ಚಳದ ಸಂದಿನಲ್ಲಿ ಬೆರಳು ಇಳಿಸಿ ತಡವಿ, "ಐತಿ," ಎಂದರು. ಅವರ ಮುಖ ಸಮಾಧಾನವಾದದ್ದು ನೋಡಿ ನನಗೂ ಹಗುರಾಯಿತು. ದೇಸೂರು ದಾಟಿದ ಮೇಲೆ ನನ್ನ ಕಡೆ ವಾಲಿ, "ಆ ಗುರ್ತ ನೋಡಿ ಅಂಥಾದ್ದ ಇನ್ನೊಂದ ಗೀರಾಕ ಅವಗೇನ ಕೈ ಇಲ್ಲನು?" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಸಿಟ್ಟಿನಿಂದ ನೋಡಿ ಕಿಟಕಿಯ ಕಡೆ ತಿರುಗಿದರು. ಗಾಜಿನಲ್ಲಿ ಅವರೂ ನಗುತ್ತಿರುವುದು ಕಾಣುತ್ತಿತ್ತು.

ಆ ವರ್ಷದ ಪೂಜೆಗೆ ಒಣ ಹೂ ಮಾತ್ರ ಇಟ್ಟರು, ಆಮೇಲೆ ತಾವೇ ಒರೆಸಿದರು. ಸಾಹೇಬರು ನಂಬರು ಓದಿ, ಪಕ್ಕದ ಗೀರು ಏನೆಂದು ಕೇಳಿದರು. ನಾನು ತೊದಲುತ್ತ ಹೇಳಿದ್ದನ್ನು ಪೂರ್ತಿ ನಂಬದ ಮುಖದಲ್ಲೇ ಸಹಿ ಮಾಡಿದರು.

ಹೋದ ವರ್ಷ ಗಂಗಕ್ಕನಿಗೆ ಹೊಟ್ಟೆಯ ಆಪರೇಶನ್ ಆಗಬೇಕಿತ್ತು. ಒಳಗೆ ಕರೆದೊಯ್ಯುವ ಮೊದಲು ಆಸ್ಪತ್ರೆಯವರು ಮೈಮೇಲಿನ ಬಂಗಾರ ತೆಗೆಯಲು ಹೇಳಿದರು. ಗಂಗಕ್ಕ ಕೊರಳಿನ ಲಿಂಗ ತೆಗೆಯುವುದಿಲ್ಲ ಎಂದು ಜಗಳವಾಡಿ ಅದನ್ನು ಉಳಿಸಿಕೊಂಡರು. ಕಿವಿಯ ಬೆಂಡೋಲೆಗಳನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ನನ್ನ ಅಂಗೈಯಲ್ಲಿ ಇಟ್ಟರು. ನಾನು ರೂಢಿಯಂತೆ ಕೆಂಪು ದಾರ ಹುಡುಕಿದೆ. ಇರಲಿಲ್ಲ.

"ದಾರಾ ಕಟ್ಟಿಲ್ಲಲ್ರಿ ಅಕ್ಕಾರ?"

"ಮೇಸ್ತ್ರಿ ಮುಂದ ಸುಳ್ಳ ಹೇಳಿದ್ದಿ, ನೆನಪೈತಿ? ತೊಟ್ಟಿಲದಾಗಿನ ಕೂಸಿಗೂ ತಿಳಿಯೂವಂಗ ಹೇಳಿದ್ದಿ. ಸುಳ್ಳ ಹೇಳಾಕ ಬರಲಾರದಾಕಿ ಕೈಯಾಗ ಕೊಡಾಕ ದಾರಾ ಯಾಕ ಬೇಕು?"

ಗಾಲಿಯ ಮಂಚ ತಳ್ಳಿಕೊಂಡು ಹೋದರು. ಅವರ ಕುತ್ತಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಲೇ ಬಾಗಿಲು ದಾಟಿತು. ಅವರು ತಿರುಗಿ ಬರಲಿಲ್ಲ.

ಸುದ್ದಿ ಹೇಳಲು ಮೇಸ್ತ್ರಿಯ ಓಣಿಗೆ ಹೋದೆ. ಜಾಳಿಗೆಯ ಸಂದಿನಿಂದ, "ಖರೇನ್ರಿ? ಯಾರ ಹೇಳಿದ್ರು?" ಎಂದರು. ನನ್ನ ಮುಖವನ್ನೇ ನೋಡುತ್ತ ನಿಂತು, ಆಮೇಲೆ ಕೀಲಿ ತೆಗೆದು ಬಾಗಿಲನ್ನು ಪೂರ್ತಿ ತೆರೆದರು. ನಾನು ಅಲ್ಲಿಂದ ಹೊರಡುವ ತನಕ ಅದನ್ನು ಮುಚ್ಚಲಿಲ್ಲ.

ಬೆಂಡೋಲೆಗಳು ಈಗ ಪ್ರೇರಣಾಳ ಕಿವಿಯಲ್ಲಿವೆ. ನನ್ನ ನಂತರ ರಿವಾಲ್ವರ್ ನಿಮ್ಮ ಅಪ್ಪನ ಹೆಸರಿಗೆ ಆದೀತು, ಇಲ್ಲವೇ ಸರಕಾರಕ್ಕೆ ಹೋದೀತು. ಎಲ್ಲಿ ಹೋದರೂ ನೋಡಿದವರು ನಂಬರಿನ ಪಕ್ಕದ ಗೀರನ್ನು ಕಂಡು ಸಂಶಯಪಡುತ್ತಾರೆ, ಯಾರು ಗೀರಿದರು ಎಂದು ಕೇಳುತ್ತಾರೆ. ಆಗ ಹೇಳಲು ಗಂಗಕ್ಕ ಇಲ್ಲ, ನಾನೂ ಇರುವುದಿಲ್ಲ. ಈ ಹಾಳೆಗಳನ್ನು ತೋರಿಸಿರಿ. ಅಲ್ಲಿಯವರೆಗೆ ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ದಾರ ಕಟ್ಟಿಲ್ಲ.