ಜೂಲಿಯ ಮರಿಗಳಿಗೆ ಕಾದಿದ್ದು

ಆಗೆಲ್ಲ ಮಾದಾಪುರದ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ಮಕ್ಕಳನ್ನು ಕೇಳುವವರೇ ಇರುತ್ತಿರಲಿಲ್ಲ. ಕಣದ ತುಂಬ ಹರವಿದ ಹಣ್ಣಿನ ಹುಳಿ ವಾಸನೆ ಬಟ್ಟೆಗೂ ತಲೆಗೂದಲಿಗೂ ಹತ್ತಿಕೊಳ್ಳುತ್ತಿತ್ತು. ಶಾಲೆಯಿಂದ ಬಂದವರೇ ತಣ್ಣನೆಯ ಅಕ್ಕಿರೊಟ್ಟಿಗೆ ಜೇನು ಸವರಿಕೊಂಡು ಕುಂಟೆಬಿಲ್ಲೆ ಆಡಲು ಓಡುತ್ತಿದ್ದೆವು. ನನಗೆ ಹತ್ತು ವರ್ಷ, ದೊಡ್ಡಪ್ಪನ ಮಗಳು ಸುಮಕ್ಕನಿಗೆ ಹನ್ನೆರಡು. ಒಂದೇ ಅಂಗಳಕ್ಕೆ ಎರಡು ಮನೆ. ಅವರ ಮನೆಯಲ್ಲಿ ಜೂಲಿ ಎಂಬ ನಾಯಿ ಇತ್ತು. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ಒಂದು ಅಂಗಳಕ್ಕೆ ಒಂದು ನಾಯಿ ಸಾಕು ಎನ್ನುತ್ತಿದ್ದಳು ಅಮ್ಮ.

ನಾನು ದಿನವೂ ನನ್ನ ರೊಟ್ಟಿಯಲ್ಲಿ ಅರ್ಧ ಜೂಲಿಗೆ ಹಾಕುತ್ತಿದ್ದೆ. ತಿಂದು, ಮೂತಿ ನೆಕ್ಕಿಕೊಂಡು, ಅವಳು ಹೋಗಿ ಸುಮಕ್ಕನ ಕಾಲ ಬಳಿ ಮಲಗುತ್ತಿದ್ದಳು. ನಾನು ಕರೆದರೆ ಎದ್ದು ಬರುತ್ತಿರಲಿಲ್ಲ, ಮಲಗಿದಲ್ಲಿಂದಲೇ ಎರಡು ಸಲ ಬಾಲ ಆಡಿಸುತ್ತಿದ್ದಳು. ಸುಮಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ವರ್ಷ ಸುಮಕ್ಕನಿಗೆ ಟ್ಯೂಷನ್ ಶುರುವಾಯಿತು. ಅವಳು ಬರುವವರೆಗೆ ಜೂಲಿಗೆ ನಾನೇ ಗತಿ. ಒಂದು ಸಂಜೆ ಜೂಲಿಯ ಹೊಟ್ಟೆ ಕೆರೆಯುತ್ತಿದ್ದಾಗ, ಹಿಂಗಾಲಿನ ಸಂದಿಯ ಹತ್ತಿರ, ಕೊನೆಯ ಮೊಲೆಯ ಪಕ್ಕ ಗೋಲಿಯಷ್ಟು ದೊಡ್ಡ ಗಟ್ಟಿ ಗಂಟು ಕೈಗೆ ಸಿಕ್ಕಿತು. ಮರಿ ಹಾಕುವ ಮೊದಲು ನಾಯಿಗೆ ಮೊಲೆ ಊದುತ್ತದೆಂದು ಯಾರೋ ಹೇಳಿದ್ದು ನೆನಪಿತ್ತು. ಹಾಗಾದರೆ ಮರಿಗಳು ಬರುತ್ತವೆ. ಸುಮಕ್ಕನಿಗೆ ಹೇಳಿದರೆ ಚೆಂದದ್ದನ್ನು ಅವಳೇ ಆರಿಸಿಕೊಳ್ಳುತ್ತಾಳೆ. ಮೊದಲು ಗೊತ್ತಾಗಿದ್ದು ನನಗೆ, ಮೊದಲ ಮರಿ ನನ್ನದು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ದಿನವೂ ಕದ್ದು ಮುಟ್ಟಿ ನೋಡುತ್ತಿದ್ದೆ. ಗೋಲಿಯಷ್ಟಿದ್ದ ಗಂಟು ನೆಲ್ಲಿಕಾಯಿಯಷ್ಟಾಯಿತು, ಆಮೇಲೆ ನಿಂಬೆಹಣ್ಣಿನಷ್ಟಾಯಿತು. ನನಗೆ ಖುಷಿಯೋ ಖುಷಿ.

ಎರಡು ತಿಂಗಳು ಕಳೆದು ಕಾಫಿ ಹೂ ಬಿಟ್ಟಾಗ ಗಂಟು ಒಡೆದು ಜೂಲಿ ಮಲಗಿದ ಗೋಣಿಯೆಲ್ಲ ರಕ್ತವಾಯಿತು. ಹೂವಿನ ಘಮದ ನಡುವೆ ಕೀವಿನ ವಾಸನೆ. ದೊಡ್ಡಪ್ಪ ಪಶು ಡಾಕ್ಟರನ್ನು ಕರೆಸಿದರು. ಯಾವಾಗಿನಿಂದ ಇದೆ ಎಂದು ಡಾಕ್ಟರು ಕೇಳಿದರು. ತಾನು ನೋಡಿ ಮೂರು ದಿನವಾಯಿತು ಎಂದಳು ಸುಮಕ್ಕ. ಅವರು ಜೂಲಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಇದು ಮೂರು ದಿನದ್ದಲ್ಲ, ಕ್ಯಾನ್ಸರು, ಅದರಲ್ಲೂ ಬೇಗ ಹಬ್ಬುವ ಜಾತಿಯದು, ಶ್ವಾಸಕೋಶಕ್ಕೂ ಹೋದಂತಿದೆ ಎಂದರು. ಸಣ್ಣದಿದ್ದಾಗಲೇ ತೋರಿಸಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಉಳಿಯುತ್ತಿತ್ತೋ ಏನೋ ಎಂದೂ ಹೇಳಿದರು.

ದೊಡ್ಡಪ್ಪ ಮಗಳ ಕಡೆ ತಿರುಗಿದರು. "ದಿನಾ ನಿನ್ನ ಮಗ್ಗುಲಲ್ಲೇ ಮಲಗೋ ನಾಯಿ. ನಿಂಗೆ ಗೊತ್ತಾಗ್ಲಿಲ್ವಾ?"

ಸುಮಕ್ಕ ತಲೆ ತಗ್ಗಿಸಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಹೆದರಿಕೆಯಿಂದ ಬಾಯಿ ಬರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಮಾತ್ರ ನಿಜ. ಸುಮಕ್ಕ ಜೂಲಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಒಬ್ಬರಾದರೂ ಅಂದರಲ್ಲ ಎಂಬ ಸಮಾಧಾನವೂ ಒಳಗಿತ್ತು.

ಆ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಎಲ್ಲರೂ ಸುಮಕ್ಕನನ್ನೇ ಸಂತೈಸಿದರು. ದೊಡ್ಡಮ್ಮ ಅವಳಿಗೆ ಕೈತುತ್ತು ಕೊಟ್ಟರು. ತೋಟದ ಕೂಲಿ ಲೈನಿನ ಹೆಂಗಸರು ಬಂದು ಅವಳ ತಲೆ ಸವರಿದರು. ನನ್ನನ್ನು ಯಾರೂ ಕೇಳಲಿಲ್ಲ. ಅವಳ ದುಃಖದ ಮೇಲೂ ನನಗೆ ಹೊಟ್ಟೆಕಿಚ್ಚು.

ಡಾಕ್ಟರು ಬಂದುಹೋದ ಹನ್ನೆರಡನೆಯ ದಿನ ಬೆಳಿಗ್ಗೆ ಜೂಲಿಗೆ ಉಸಿರು ಕಷ್ಟವಾಯಿತು. ತಲೆ ಸುಮಕ್ಕನ ತೊಡೆಯ ಮೇಲಿತ್ತು. ನಾನು ಕೈ ಚಾಚಿದೆ. ಜೂಲಿ ಒಮ್ಮೆ ಮೂಸಿ, ಮುಖವನ್ನು ಮತ್ತೆ ಸುಮಕ್ಕನ ಕಡೆಗೇ ತಿರುಗಿಸಿಕೊಂಡು ಸತ್ತಳು. ಕಿತ್ತಳೆ ಗಿಡದ ಬುಡದಲ್ಲಿ ಹೂತರು.

ಸುಮಕ್ಕ ಮತ್ತೆ ನಾಯಿ ಸಾಕಲಿಲ್ಲ. ಬೇರೆಯವರು ಮರಿ ತಂದುಕೊಟ್ಟರೆ, "ಇವಳ ಕೈಗೆ ಬೇಡ, ಜೂಲಿ ಗತಿ ಆಗ್ತದೆ" ಎಂದು ದೊಡ್ಡಪ್ಪ ಅರ್ಧ ತಮಾಷೆಗೆ ಹೇಳುವರು. ತೀರಿಕೊಳ್ಳುವವರೆಗೂ ಹಾಗೇ ಹೇಳುತ್ತಿದ್ದರು.

ಹೋದ ವರ್ಷ ಕುಶಾಲನಗರದ ಅವಳ ಮನೆಯಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಸುಮಕ್ಕ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದಳು.

"ಅಪ್ಪ ಇದ್ದಾಗ ಹೇಳ್ಬೋದಿತ್ತಲ್ಲೇ" ಎಂದಳು.

ಆಮೇಲೆ ಎದ್ದು ಹೋಗಿ ನನಗೆ ಕಾಫಿ ಮಾಡಿ ತಂದಳು. ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾಳೆ, ಮಕ್ಕಳ ಬಗ್ಗೆ ವಿಚಾರಿಸುತ್ತಾಳೆ. ಮೊದಲು "ಬಾರೇ, ನಾಲ್ಕು ದಿನ ಇರು" ಎನ್ನುತ್ತಿದ್ದವಳು ಈಗ "ಈ ಕಡೆ ಬಂದ್ರೆ ಬಂದು ಹೋಗು" ಎನ್ನುತ್ತಾಳೆ.